ಐ.ಟಿ. ಷೇರು ದುಬಾರಿಯೇ, ಅಗ್ಗವೇ? ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ

ಷೇರಿನ ಬೆಲೆಯೊಳಗೆ ಎರಡು ಸಂಖ್ಯೆಗಳಿವೆ. ಒಂದು, ಪ್ರತಿ ಷೇರಿಗೆ ಕಂಪನಿ ಗಳಿಸುವ ಲಾಭ, ಅಂದರೆ ಇಪಿಎಸ್. ಇನ್ನೊಂದು, ಆ ಲಾಭಕ್ಕೆ ಮಾರುಕಟ್ಟೆ ಎಷ್ಟು ಪಟ್ಟು ಬೆಲೆ ಕಟ್ಟುತ್ತಿದೆ ಎಂಬುದು, ಅಂದರೆ ಪಿಇ. ಐ.ಟಿ. ಷೇರುಗಳಲ್ಲಿ ಕೈಸುಟ್ಟುಕೊಳ್ಳುವವರು ಸಾಮಾನ್ಯವಾಗಿ ಎಡವುವುದು ಎರಡನೆಯದರಲ್ಲಿ. ಬೆಂಗಳೂರಿನ ಇನ್ಫೊಸಿಸ್‌ನ 2023–24ರ ಲೆಕ್ಕವನ್ನು ಮುಂದಿಟ್ಟುಕೊಂಡರೆ ಇದು ಚೆನ್ನಾಗಿ ತಿಳಿಯುತ್ತದೆ.

ಮೊದಲು ಬೆಳವಣಿಗೆ ನೋಡಿ

ಕಂಪನಿಯ ವೆಬ್‌ಸೈಟ್‌ನ ಹೂಡಿಕೆದಾರರ ವಿಭಾಗದಲ್ಲಿ ಪ್ರತಿ ತ್ರೈಮಾಸಿಕದ ಫ್ಯಾಕ್ಟ್‌ಶೀಟ್, ಅಂದರೆ ಮುಖ್ಯ ಅಂಕಿಅಂಶಗಳ ಪಟ್ಟಿ, ಸಿಗುತ್ತದೆ. ಅದನ್ನು ಇಳಿಸಿಕೊಳ್ಳಿ. ಆ ವರ್ಷ ವರಮಾನ 1,46,767 ಕೋಟಿ ರೂಪಾಯಿಯಿಂದ 1,53,670 ಕೋಟಿಗೆ ಏರಿತು, ಅಂದರೆ ಶೇ 4.7. ಡಾಲರ್ ಲೆಕ್ಕದಲ್ಲಿ ಏರಿಕೆ ಶೇ 1.9. ವಿನಿಮಯ ದರದ ಏರಿಳಿತವನ್ನು ಬದಿಗಿಟ್ಟ ಕಾನ್‌ಸ್ಟಂಟ್ ಕರೆನ್ಸಿ ಲೆಕ್ಕದಲ್ಲಿ ಶೇ 1.4 ಮಾತ್ರ. ನಂಬಬೇಕಾದ್ದು ಈ ಮೂರನೆಯದನ್ನೇ. ರೂಪಾಯಿ ಕುಸಿದು ಬಂದ ಹೆಚ್ಚಳ ಹೊಸ ಕೆಲಸ ಸಿಕ್ಕಿ ಬಂದದ್ದಲ್ಲ.

ಇದರ ಪಕ್ಕದಲ್ಲೇ ಗೈಡೆನ್ಸ್, ಅಂದರೆ ವರ್ಷದ ಬೆಳವಣಿಗೆ ಎಷ್ಟಿರಬಹುದೆಂದು ಕಂಪನಿಯೇ ಕೊಡುವ ಮುನ್ನಂದಾಜು, ಬರೆದುಕೊಳ್ಳಿ. ಏಪ್ರಿಲ್ 2023ರಲ್ಲಿ ಕಂಪನಿ ಹೇಳಿದ್ದು ಶೇ 4ರಿಂದ 7. ಜುಲೈನಲ್ಲಿ ಅದು ಶೇ 1ರಿಂದ 3.5ಕ್ಕೆ ಇಳಿಯಿತು, ಅಕ್ಟೋಬರ್‌ನಲ್ಲಿ 1ರಿಂದ 2.5ಕ್ಕೆ, ಜನವರಿಯಲ್ಲಿ 1.5ರಿಂದ 2ಕ್ಕೆ ಬಂತು. ಏಪ್ರಿಲ್‌ನ ಆ ಮೊದಲ ಗೈಡೆನ್ಸ್ ಕೇಳಿಯೇ, ಏಪ್ರಿಲ್ 17ರಂದು, ಷೇರು ಒಂದೇ ದಿನ ಶೇ 9ಕ್ಕಿಂತ ಹೆಚ್ಚು ಬಿದ್ದಿತ್ತು. ಲಾಭ ನಿಂತುಹೋಗಿರಲಿಲ್ಲ, ಕುಗ್ಗಿದ್ದು ನಿರೀಕ್ಷೆ. ಟಿಸಿಎಸ್ ಇಂಥ ಗೈಡೆನ್ಸ್ ಕೊಡುವುದಿಲ್ಲ, ಅಲ್ಲಿ ಕಾನ್‌ಸ್ಟಂಟ್ ಕರೆನ್ಸಿ ಬೆಳವಣಿಗೆಯನ್ನು ನಾಲ್ಕಾರು ತ್ರೈಮಾಸಿಕ ಹಿಂದಕ್ಕೆ ಹೋಗಿ ಸಾಲಾಗಿ ಬರೆದುಕೊಳ್ಳಬೇಕು.

ದೊಡ್ಡ ಒಪ್ಪಂದಗಳ ಸುದ್ದಿಗೆ ಮರುಳಾಗಬೇಡಿ. ಅದೇ ವರ್ಷ ಇನ್ಫೊಸಿಸ್ 17.7 ಶತಕೋಟಿ ಡಾಲರ್‌ನ ದೊಡ್ಡ ಒಪ್ಪಂದಗಳನ್ನು ಗಳಿಸಿತ್ತು. ಹಾಗಿದ್ದೂ ಬೆಳವಣಿಗೆ ಶೇ 1.4. ಆ ಮೊತ್ತ ಹಲವು ವರ್ಷಗಳಲ್ಲಿ ಹರಿದು ಬರುತ್ತದೆ. ಅದರಲ್ಲಿ ಹೊಸ ಕೆಲಸದ ಪಾಲು ಶೇ 52, ಉಳಿದದ್ದು ಹಳೆಯ ಕೆಲಸದ ನವೀಕರಣ. ಇತ್ತ ಗ್ರಾಹಕರು ಸಣ್ಣ ಪ್ರಾಜೆಕ್ಟ್‌ಗಳನ್ನು ನಿಲ್ಲಿಸುತ್ತಿದ್ದರೆ ಬಂದದ್ದು ಹೋದದ್ದಕ್ಕೆ ಸರಿಹೋಗುತ್ತದೆ.

ಇಪಿಎಸ್ ಅನ್ನು ಸೋಸಿ

ವರ್ಷದ ಇಪಿಎಸ್ 63.39 ರೂಪಾಯಿ. ಆದರೆ ಕೊನೆಯ ತ್ರೈಮಾಸಿಕದಲ್ಲಿ ಆದಾಯ ತೆರಿಗೆ ಮರುಪಾವತಿಯ ಬಡ್ಡಿ ಎಂದು ಸುಮಾರು 1,900 ಕೋಟಿ ಬಂದಿತ್ತು. ಇದು ಪ್ರತಿವರ್ಷ ಬರುವ ಹಣವಲ್ಲ. ತೆರಿಗೆಗೆಂದು ಅಂದಾಜು ಕಾಲು ಭಾಗ ಕಳೆದು, ಉಳಿದದ್ದನ್ನು ಸುಮಾರು 414 ಕೋಟಿ ಷೇರುಗಳಿಗೆ ಹಂಚಿದರೆ ಷೇರಿಗೆ 3.4 ರೂಪಾಯಿ. ಅಂದರೆ ನಿಜವಾದ ಇಪಿಎಸ್ 60ರ ಆಸುಪಾಸು. ಡಿವಿಡೆಂಡ್‌ಗೂ ಇದೇ ಜರಡಿ ಹಿಡಿಯಿರಿ: ಆ ವರ್ಷದ 46 ರೂಪಾಯಿಯಲ್ಲಿ 8 ರೂಪಾಯಿ ವಿಶೇಷ ಡಿವಿಡೆಂಡ್. ಲೆಕ್ಕಕ್ಕೆ ಹಿಡಿಯಬೇಕಾದ್ದು 38.

ಈಗ ಬೆಲೆಯನ್ನು ಬಿಡಿಸಿ

ಷೇರು 1,500 ರೂಪಾಯಿ ಎಂದಿಟ್ಟುಕೊಳ್ಳಿ. 60ರಿಂದ ಭಾಗಿಸಿದರೆ ಪಿಇ 25. ಲಾಭ ವರ್ಷಕ್ಕೆ ಶೇ 8ರಂತೆ ಬೆಳೆದರೆ ಮೂರು ವರ್ಷಕ್ಕೆ ಇಪಿಎಸ್ 75.6. ಪಿಇ 25ರಲ್ಲೇ ನಿಂತರೆ ಬೆಲೆ 1,890. 20ಕ್ಕೆ ಇಳಿದರೆ 1,512. ಕಂಪನಿ ಮೂರು ವರ್ಷ ಚೆನ್ನಾಗಿಯೇ ದುಡಿದರೂ ಡಿವಿಡೆಂಡ್ ಬಿಟ್ಟು ನಿಮ್ಮ ಕೈಗೆ ಬರುವುದು 12 ರೂಪಾಯಿ! ಬೆಳವಣಿಗೆ ಶೇ 4 ಆಗಿ ಪಿಇಯೂ 20ಕ್ಕಿಳಿದರೆ 1,350. ಈ ಮೂರು ಸಾಲುಗಳನ್ನು ಕಾಗದದ ಮೇಲೆ ಬರೆದು, ಮೂರನೆಯದನ್ನು ತಡೆದುಕೊಳ್ಳಬಲ್ಲಿರಾ ಎಂದು ನೋಡಿಕೊಂಡೇ ಎಷ್ಟು ಹಣ ಹಾಕಬೇಕೆಂದು ನಿರ್ಧರಿಸಿ.

ಪಿಇ ಇಳಿಯುವುದೇಕೆ? 2023–24ರಲ್ಲಿ ಈ ಕಂಪನಿಯ ವರಮಾನದ ಸುಮಾರು ಶೇ 60 ಬಂದದ್ದು ಉತ್ತರ ಅಮೆರಿಕದಿಂದ, ಕಾಲು ಭಾಗಕ್ಕಿಂತ ಹೆಚ್ಚು ಬ್ಯಾಂಕ್ ಮತ್ತು ಹಣಕಾಸು ಸಂಸ್ಥೆಗಳಿಂದ. ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ 2022ರ ಆರಂಭದಲ್ಲಿ ಸೊನ್ನೆಯ ಹತ್ತಿರವಿದ್ದ ಬಡ್ಡಿಯನ್ನು ಜುಲೈ 2023ಕ್ಕೆ ಶೇ 5.25–5.50ಕ್ಕೆ ಏರಿಸಿತು. ಬಡ್ಡಿ ಏರಿದಾಗ ಗ್ರಾಹಕರ ಬಜೆಟ್ ಬಿಗಿಯಾಗುತ್ತದೆ. ಮುಂದೆಂದೋ ಬರುವ ಲಾಭದ ಇಂದಿನ ಬೆಲೆಯೂ ತಗ್ಗುತ್ತದೆ. ಪೆಟ್ಟು ಎರಡು ಕಡೆಯಿಂದ. ವೀಸಾ ನಿಯಮ ಇನ್ನೊಂದು ಕಾರಣ: ಸೆಪ್ಟೆಂಬರ್ 2025ರಲ್ಲಿ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಘೋಷಣೆಯಾಯಿತು. ಕೃತಕ ಬುದ್ಧಿಮತ್ತೆಯಿಂದ ಅದೇ ಕೆಲಸ ಕಡಿಮೆ ಜನರಿಂದ ಆಗತೊಡಗಿದರೆ ಗ್ರಾಹಕರು ದರ ಇಳಿಸಿ ಎನ್ನುತ್ತಾರೆ. ನಮ್ಮ ದೃಷ್ಟಿಯಲ್ಲಿ ಮುಂದಿನ ವರ್ಷಗಳಲ್ಲಿ ಹೆಚ್ಚು ಗಮನಿಸಬೇಕಾದ್ದು ಇದನ್ನೇ.

ಆರ್ಡರ್ ಹಾಕುವಾಗ

ಫಲಿತಾಂಶ ಸಾಮಾನ್ಯವಾಗಿ ಇಲ್ಲಿನ ವಹಿವಾಟು ಮುಗಿದ ಮೇಲೆ ಬರುತ್ತದೆ. ಅದೇ ಸಂಜೆ ನ್ಯೂಯಾರ್ಕ್‌ನಲ್ಲಿ ಕಂಪನಿಯ ಎಡಿಆರ್, ಅಂದರೆ ಇಲ್ಲಿನ ಷೇರಿನ ಬದಲಿಗೆ ಅಲ್ಲಿ ವಹಿವಾಟಾಗುವ ಪತ್ರ, ಏರಿಳಿಯುತ್ತದೆ, ಮರುದಿನ ಇಲ್ಲಿ ಬೆಲೆ ಅತ್ತಲೇ ಜಿಗಿದು ತೆರೆಯಬಹುದು. ಪೇಟೆ ತೆರೆಯುವ 9.15ಕ್ಕೆ ಮಾರ್ಕೆಟ್ ಆರ್ಡರ್, ಅಂದರೆ ಆಗ ಸಿಗುವ ಬೆಲೆಗೇ ಕೊಳ್ಳುವ ಆರ್ಡರ್, ಹಾಕಿದರೆ ನೀವು ಎಣಿಸದ ಬೆಲೆಗೆ ಷೇರು ಬಂದು ಬೀಳುತ್ತದೆ. ಲೆಕ್ಕ ಹಾಕಿದ ಬೆಲೆಗೇ ಲಿಮಿಟ್ ಆರ್ಡರ್, ಅಂದರೆ ಅದಕ್ಕಿಂತ ಹೆಚ್ಚಿಗೆ ಕೊಳ್ಳದ ಆರ್ಡರ್, ಇಡಿ. ಸಿಗದಿದ್ದರೆ ಮುಂದಿನ ಫ್ಯಾಕ್ಟ್‌ಶೀಟ್‌ಗೆ ಇನ್ನು ಮೂರೇ ತಿಂಗಳು.