ಆನರ್ಸ್ ಏನೋ ಸಿಕ್ಕಿತು, ಅದರಲ್ಲಿ ಯಾವುದು?

ಮಗಳಿಗೆ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಆನರ್ಸ್ ಕಾಲೇಜಿನಿಂದ, ಅಂದರೆ ಚೆನ್ನಾಗಿ ಓದುವ ಮಕ್ಕಳನ್ನು ಆರಿಸಿಕೊಳ್ಳುವ ವಿಭಾಗದಿಂದ, ಕರೆ ಬಂದಾಗ ಸದ್ಯ ಮುಗಿಯಿತು ಅಂದುಕೊಂಡೆ. ಆಮೇಲೆ ನೋಡಿದರೆ ಅದರೊಳಗೇ ಹಲವು ಪ್ರೋಗ್ರಾಂಗಳು. ಒಂದೊಂದರ ಮಕ್ಕಳೂ ಒಂದೇ ಡಾರ್ಮ್‌ನಲ್ಲಿ (ಹಾಸ್ಟೆಲ್) ಇದ್ದು ಒಟ್ಟಿಗೆ ಕಲಿಯುವ ಲಿವಿಂಗ್-ಲರ್ನಿಂಗ್ ಏರ್ಪಾಡು. ನಾವು ಕೊನೆಗೆ ಉಳಿಸಿಕೊಂಡದ್ದು ಎರಡು: ಯೂನಿವರ್ಸಿಟಿ ಆನರ್ಸ್ ಮತ್ತು ಜೆಮ್‌ಸ್ಟೋನ್.

ನನ್ನ ಒಲವು ಮೊದಲನೆಯದಕ್ಕೆ. ಎರಡು ವರ್ಷದ್ದು, ಚಿಕ್ಕ ಚಿಕ್ಕ ಕ್ಲಾಸು, ಆಮೇಲೆ ಮೇಜರ್, ಅಂದರೆ ಡಿಗ್ರಿಯ ಮುಖ್ಯ ವಿಷಯ, ಓದಿಕೊಂಡು ಹಾಯಾಗಿರಬಹುದು. ಜೆಮ್‌ಸ್ಟೋನ್ 1996ರಲ್ಲಿ ಶುರುವಾದದ್ದು, ಪೂರ್ತಿ ನಾಲ್ಕು ವರ್ಷ. ಮೊದಲ ವರ್ಷವೇ ತಂಡ ಕಟ್ಟಿಕೊಂಡು, ಒಂದೇ ಪ್ರಶ್ನೆ ಹಿಡಿದು ಸಂಶೋಧನೆ ಮಾಡಿ, ಕೊನೆಯಲ್ಲಿ ತಜ್ಞರ ಮುಂದೆ ಪ್ರಬಂಧ ಸಮರ್ಥಿಸಿಕೊಳ್ಳಬೇಕು. ಹದಿನೆಂಟರ ಹುಡುಗಿಗೆ ಇದು ಜಾಸ್ತಿ ಆಯ್ತು ಅನಿಸಿತ್ತು.

ಒಂದು ಭಾನುವಾರ ಊಟದ ಮೇಜಿನ ಮೇಲೆ ದೊಡ್ಡ ಹಾಳೆ ಹಾಸಿದೆವು. ಎಂಟು ಸೆಮಿಸ್ಟರ್‌ಗೆ ಎಂಟು ಮನೆ. ಮೇಜರ್‌ನ ಕೋರ್ಸುಗಳನ್ನು ನೀಲಿಯಲ್ಲಿ, ಪ್ರೋಗ್ರಾಂನದ್ದನ್ನು ಕೆಂಪಿನಲ್ಲಿ ಬರೆದಳು. ಜೆಮ್‌ಸ್ಟೋನ್‌ನ ಕೆಂಪು ಎಂಟೂ ಮನೆಗಳಲ್ಲಿ ತುಸು ತುಸುವೇ ಹರಡಿಕೊಂಡಿತು. ಯಾವುದೂ ಉಸಿರು ಕಟ್ಟಿಸುವಷ್ಟಿರಲಿಲ್ಲ. ನನ್ನ ಅರ್ಧ ಭಯ ಅಲ್ಲೇ ಇಳಿಯಿತು. ಈ ಹಾಳೆ ಕೆಲಸ ಎಲ್ಲರೂ ಮಾಡಬೇಕು. ಪ್ರೋಗ್ರಾಂ ಹೆಸರು ಎಷ್ಟು ದೊಡ್ಡದು ಅನ್ನೋದು ಸೆಮಿಸ್ಟರ್ ಮಧ್ಯೆ ಸಹಾಯಕ್ಕೆ ಬರಲ್ಲ.

ಆಮೇಲೆ ಕ್ಯಾಂಪಸ್ಸಿಗೆ ಹೋಗಿ ಜೆಮ್‌ಸ್ಟೋನ್ ಮಕ್ಕಳಿರುವ ಎಲಿಕಾಟ್ ಹಾಲ್ ನೋಡಿದೆವು. ಮೂರನೇ ವರ್ಷದ ಹುಡುಗಿಯೊಬ್ಬಳು ಸಿಕ್ಕಳು. "ತಂಡದಲ್ಲಿ ಜಗಳ ಆದ್ರೆ?" ಅಂತ ಕೇಳಿದೆ. ಆಗುತ್ತೆ ಆಂಟಿ, ಒಂದು ತಿಂಗಳು ಮಾತೇ ಬಿಟ್ಟಿದ್ವಿ, ಮೆಂಟರ್ ಕೂರಿಸಿ ಸರಿಮಾಡಿದರು ಅಂದಳು. ಮುಚ್ಚುಮರೆಯಿಲ್ಲದ ಆ ಮಾತು ನನಗೆ ಹಿಡಿಸಿತು. ಮೈಸೂರಿನ ಹಾಸ್ಟೆಲ್‌ನಲ್ಲಿ ನಾನು ಗಳಿಸಿದ ಗೆಳತಿಯರೆಲ್ಲ ಜಗಳವಾಡಿಯೇ ಹತ್ತಿರವಾದವರು.

"ಅಮ್ಮಾ, ನಂಗೆ ಒಂದೇ ವಿಷಯದ ಮೇಲೆ ಜಾಸ್ತಿ ದಿನ ಕೂರಬೇಕು," ಅಂದಳು ಮಗಳು ವಾಪಸ್ ಬರುವಾಗ ಕಾರಿನಲ್ಲಿ. ಜೆಮ್‌ಸ್ಟೋನನ್ನೇ ಮೊದಲ ಆಯ್ಕೆಯಾಗಿ ಬರೆದಳು. ಅದೇ ಸಿಕ್ಕಿತು.

ಈಗ ಎರಡನೇ ಸೆಮಿಸ್ಟರ್. ಮೊನ್ನೆ ರಾತ್ರಿ ಹತ್ತಕ್ಕೆ ಫೋನ್ ಮಾಡಿದೆ. ಹಿಂದೆ ಐದಾರು ದನಿಗಳು, ಯಾವ ಪ್ರಶ್ನೆ ಹಿಡಿಯೋದು ಅಂತ ಕಾರಿಡಾರ್‌ನಲ್ಲಿ ಕೂತು ವಾದ. "ಆಮೇಲೆ ಮಾಡ್ತೀನಮ್ಮಾ," ಅಂತ ಇಟ್ಟೇಬಿಟ್ಟಳು.