ಟೂರ್ನಮೆಂಟಲ್ಲಿ ಚೆಸ್ ಆಡುವ ಕ್ಲಬ್ ಮಟ್ಟದವ್ರಿಗೆ

ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯಿಂದ ಮಂಗಳೂರಿಗೋ ಕಣ್ಣೂರಿಗೋ ಟೂರ್ನಮೆಂಟಿಗೆ ಹೋಗುವವರು ಓಪನಿಂಗ್ (ಆಟದ ಶುರುವಿನ ನಡೆಗಳು) ಬಾಯಿಪಾಠ ಮಾಡಿಯೇ ಹೋಗ್ತಾರೆ, ಆದ್ರೆ ನಮ್ಮ ಮಟ್ಟದಲ್ಲಿ ಗೇಮ್ ಕೈಬಿಡುವುದು ಹೆಚ್ಚಾಗಿ ಅಲ್ಲಿ ಅಲ್ಲ, ಆಮೇಲೆ ನಡುವಲ್ಲಿ, ಎದುರಿನವರು ಏನು ಮಾಡ್ಲಿಕ್ಕೆ ಹೊರಟಿದ್ದಾರೆ ಅಂತ ನೋಡದೆ ಕುದುರೆಯನ್ನೋ ಒಂಟೆಯನ್ನೋ ಪುಕ್ಕಟೆ ಕೊಟ್ಟಾಗ.

ಅದಕ್ಕೆ ನಡೆಗಳನ್ನು ಬರೆಯುವ ಹಾಳೆ, ಸ್ಕೋರ್‌ಶೀಟನ್ನೇ ಉಪಯೋಗಿಸಿ. ಎದುರಿನವರ ನಡೆ ಬಿದ್ದ ಕೂಡ್ಲೇ ಬರೀರಿ, ಬರೀತಾ ಇರುವಾಗ್ಲೇ ನೋಡಿ, ಈ ನಡೆ ಯಾಕೆ, ಚೆಕ್ ಉಂಟಾ, ಏನಾದ್ರೂ ಹೊಡೀಲಿಕ್ಕೆ ಉಂಟಾ, ನನ್ನ ಮಂತ್ರಿ ಮೇಲೆ ಏನಾದ್ರೂ ಬರ್ತದಾ. ನಿಮ್ಮ ನಡೆ ತೀರ್ಮಾನ ಆದ್ಮೇಲೆ ಇನ್ನೊಂದ್ಸಲ ಬೋರ್ಡ್ ಪೂರ್ತಿ ನೋಡಿ, ಅಲ್ಲಿವರೆಗೆ ಕೈ ಮೇಜಿನ ಕೆಳಗೇ ಇರ್ಲಿ, ಮುಟ್ಟಿದ ಕಾಯಿಯನ್ನೇ ಆಡ್ಬೇಕಲ್ವಾ. ಆದ್ರೆ ನಿಮ್ಮ ನಡೆಯನ್ನು ಮೊದ್ಲು ಬರೆದು ಆಮೇಲೆ ಆಡುವ ಹಾಗಿಲ್ಲ, ಫಿಡೆ (ಅಂತಾರಾಷ್ಟ್ರೀಯ ಚೆಸ್ ಸಂಸ್ಥೆ) ನಿಯಮ ಬಿಡುವುದಿಲ್ಲ. ಕ್ಯಾಸಲಿಂಗ್ (ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸುವುದು) ಮಾಡುವಾಗ ಒಂದೇ ಕೈಯಲ್ಲಿ, ರಾಜನನ್ನೇ ಮೊದ್ಲು ಹಿಡೀರಿ. ಫೋನ್ ಹಾಲಿನ ಹೊರಗೆ.

ಡ್ರಾ ವಿಷ್ಯದಲ್ಲಿ ಬಹಳ ಜನ ಅರ್ಧ ಪಾಯಿಂಟ್ ಕಳ್ಕೊಳ್ತಾರೆ, ಇದನ್ನು ಸರಿ ತಿಳ್ಕೊಳ್ಳಿ. ಅದೇ ಪೊಸಿಶನ್, ಅದೇ ಆಟಗಾರನ ಸರದಿ, ನಿಮ್ಮ ಮುಂದಿನ ನಡೆಯಿಂದ ಮೂರನೇ ಸಲ ಬರ್ತದೆ ಅಂತಾದ್ರೆ ಆ ನಡೆಯನ್ನು ಆಡ್ಬೇಡಿ. ಶೀಟಲ್ಲಿ ಬರೆದು, ಗಡಿಯಾರ ನಿಲ್ಲಿಸಿ, ಆಟದ ತೀರ್ಪುಗಾರ ಆರ್ಬಿಟರನ್ನು ಕರೆದು ಡ್ರಾ ಕೇಳಿ (ಮೊದ್ಲೇ ಬರೀಲಿಕ್ಕೆ ಬಿಡುವುದು ಇಂಥ ಕಡೆ). ಆಡಿ ಗಡಿಯಾರ ಒತ್ತಿದ್ರೆ ಆ ಸಲದ ಹಕ್ಕು ಹೋಯ್ತು. ಎದುರಿನವರ ನಡೆಯಿಂದಲೇ ಮೂರನೇ ಸಲ ಬಂದಿದ್ರೆ ಕಾಯಿ ಮುಟ್ಟುವ ಮೊದ್ಲೇ ಕೇಳ್ಬೇಕು. ಎದುರಿನವರು ಮಲಯಾಳಿಯೋ ತುಳುವರೋ ಯಾರೇ ಆಗ್ಲಿ ಬೋರ್ಡಿನ ಮೇಲೆ ಮಾತಿಗೆ ಮಾತು ಬೇಡ, ಆರ್ಬಿಟರ್ ಇರುವುದೇ ಅದಕ್ಕೆ.

ಟೈಮ್ ತೊಂಬತ್ತು ನಿಮಿಷ, ನಡೆಗೆ ಮೂವತ್ತು ಸೆಕೆಂಡ್ ಸೇರುವ ಹಾಗಿದ್ರೆ ಕೊನೆವರೆಗೂ ಬರೀತಾ ಇರ್ಬೇಕು. ಅಷ್ಟು ಸೆಕೆಂಡ್ ಸೇರದ ಆಟದಲ್ಲಿ ಮಾತ್ರ ಐದು ನಿಮಿಷಕ್ಕಿಂತ ಕಮ್ಮಿ ಉಳಿದ್ಮೇಲೆ ನಿಲ್ಲಿಸ್ಬಹುದು. ಗೊತ್ತಿದ್ದ ಓಪನಿಂಗಿಗೆ ಅರ್ಧ ಗಂಟೆ ಸುರೀಬೇಡಿ, ಕಾಯಿಗಳು ಒಂದಕ್ಕೊಂದು ಎದುರಾಗುವ ಹೊತ್ತಿಗೆ ಆ ಟೈಮ್ ಬೇಕು. ಮತ್ತೆ ಐದೈದು ನಡೆಗೊಮ್ಮೆ ಉಳಿದ ಟೈಮನ್ನು ನಡೆಯ ಪಕ್ಕ ಬರ್ಕೊಳ್ಳಿ, ಅದಕ್ಕೆ ನಿಯಮದಲ್ಲಿ ಅಡ್ಡಿ ಇಲ್ಲ. ಮನೆಗೆ ಬಂದು ಎಂಜಿನ್ (ಕಂಪ್ಯೂಟರಿನ ಚೆಸ್ ಪ್ರೋಗ್ರಾಂ) ಹಾಕುವ ಮೊದ್ಲು ಆ ಅಂಕಿಗಳನ್ನೇ ನೋಡಿ, ಯಾವ ನಡೆಯಲ್ಲಿ ಇಪ್ಪತ್ತು ನಿಮಿಷ ಹೋಗಿದೆ ಅಂತ ಸಿಗ್ತದೆ, ಅಲ್ಲಿಂದ ಗೇಮ್ ಬಿಡಿಸ್ಲಿಕ್ಕೆ ಶುರು ಮಾಡಿ.