ನಾಲ್ಕು ಕೆಜಿ ಟ್ರಿಗರ್ ಒಂದೂಕಾಲಿಗೆ ಇಳಿದ ಕತೆ

"ಅದಕ್ಕೆ ಇನ್ನೊಂದು ರೂಪಾಯಿ ಸುರಿಯಬೇಡಿ ಅಣ್ಣ. ಯಾರಿಗಾದ್ರೂ ಮಾರಿ, ಹೊಸದು ತಗೊಳ್ಳಿ." ಭಾನುವಾರ ನಮ್ಮ ಜೊತೆ ಏರ್ ರೈಫಲ್ ಹೊಡೆಯುವ ನಾಲ್ಕೂ ಜನ ಇದನ್ನೇ ಹೇಳಿದ್ದರು. ಹೊಸದು ತಗೊಳ್ಳೋಕೆ ದುಡ್ಡಿದ್ದರೆ ನಾನ್ಯಾಕೆ ಮಂಡ್ಯದಲ್ಲಿ ಕೂತು ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಮಾಡುತ್ತಿದ್ದೆ?

ನನ್ನದು ಹಳೇ ದೇಶಿ 0.177 ಇಂಚಿನ ಏರ್ ರೈಫಲ್, ನಳಿಗೆ ಮುರಿದು ಲೋಡ್ ಮಾಡುವ ಸ್ಪ್ರಿಂಗ್ ಗನ್. ಸುಮಾರು ಆರೂವರೆ ಸಾವಿರ ಕೊಟ್ಟಿದ್ದೆ. ನಳಿಗೆ ನೆಟ್ಟಗಿದೆ, ಮರ ಚೆನ್ನಾಗಿದೆ, ಟ್ರಿಗರ್ ಮಾತ್ರ ತುಕ್ಕು ಹಿಡಿದ ಗೇಟ್ ವಾಲ್ವ್. ಲಗೇಜ್ ತೂಗುವ ಡಿಜಿಟಲ್ ಸ್ಕೇಲಿನ ಕೊಕ್ಕೆ ಹಾಕಿ ಎಳೆದೆ. ಒಮ್ಮೆ 3.8 ಕೆಜಿ, ಇನ್ನೊಮ್ಮೆ 4.3. ಭಾರ ಇದ್ದರೂ ಒಗ್ಗಿಕೊಳ್ಳಬಹುದು. ಒಂದೊಂದು ಸಲ ಒಂದೊಂದು ಕಡೆ ಬಿಟ್ಟರೆ ಏನು ಮಾಡೋಣ? ಹತ್ತು ಮೀಟರಿನಲ್ಲಿ ಐದು ಪೆಲೆಟ್ (ಏರ್ ರೈಫಲಿನ ಪುಟ್ಟ ಗುಂಡು) ಒಂದು ಸೋಡಾ ಬಾಟಲಿ ಮುಚ್ಚಳದೊಳಗೆ ಕೂರುತ್ತಿರಲಿಲ್ಲ.

ಮೊದಲ ತಪ್ಪು ಎಲ್ಲರೂ ಮಾಡುವುದೇ. ಟ್ರಿಗರಿನ ಚಿಕ್ಕ ಸ್ಪ್ರಿಂಗಿನಲ್ಲಿ ಎರಡು ಸುತ್ತು ಕತ್ತರಿಸಿದೆ. ಇಳಿದದ್ದು ಮುನ್ನೂರು ಗ್ರಾಂ ಇರಬೇಕು, ಅಷ್ಟೇ. ಅದರ ಮೇಲೆ ಸಿಯರ್, ಅಂದರೆ ಟ್ರಿಗರ್ ಎಳೆಯುವವರೆಗೆ ಪಿಸ್ಟನ್ನನ್ನು ತಡೆದು ಹಿಡಿಯುವ ಕೊಂಡಿ, ವಾಪಸ್ ತನ್ನ ಜಾಗಕ್ಕೆ ಬರುವುದನ್ನೇ ನಿಲ್ಲಿಸಿತು. ನಾಲ್ಕು ಸಲ ನಳಿಗೆ ಎಳೆದರೆ ಒಂದು ಸಲ ಕಾಕ್ ಆಗುತ್ತಿತ್ತು, ಅಂದರೆ ಪಿಸ್ಟನ್ ಹಿಂದೆ ಸಿಕ್ಕಿಕೊಂಡು ಹೊಡೆಯಲು ಸಿದ್ಧವಾಗುತ್ತಿತ್ತು. ಭಾರ ಬರುತ್ತಿದ್ದದ್ದು ಆ ಪುಟ್ಟ ಸ್ಪ್ರಿಂಗಿನಿಂದ ಅಲ್ಲ. ಒಳಗಿನ ದೊಡ್ಡ ಸ್ಪ್ರಿಂಗ್ ಪಿಸ್ಟನ್ನನ್ನು ಸಿಯರ್ ಮೇಲೆ ಒತ್ತಿ ಹಿಡಿದಿರುತ್ತದಲ್ಲ, ಆ ಉಜ್ಜಾಟದಿಂದ.

ಎರಡನೆಯ ತಪ್ಪು ದುಬಾರಿ. ಸಿಯರ್ ಮುಖಕ್ಕೆ ಅರ ಹಾಕಿದೆ. ಅಂದು ಸಂಜೆ ಎಳೆದರೆ ಬರೀ ಒಂದು ಕೆಜಿ, ಬೆಣ್ಣೆ! ಫೋನ್ ಮಾಡಿ ಎಲ್ಲರಿಗೂ ಹೇಳಿಕೊಂಡೆ. ಮೂರನೇ ದಿನ ಹಿಡಿಯನ್ನು ಮೆಲ್ಲಗೆ ಬೆಂಚಿಗೆ ಊರಿದೆ, ಢಮ್ ಅಂತ ತಾನೇ ಹಾರಿತು. ನಳಿಗೆ ಮುಚ್ಚಿತ್ತು, ಮೂತಿ ಟಾರ್ಗೆಟ್ ಕಡೆಗಿತ್ತು, ಬಚಾವಾದೆ. ತೆರೆದಿದ್ದಾಗ ಹೀಗಾಗಿದ್ದರೆ ನಳಿಗೆ ಮೇಲಕ್ಕೆ ಬಡಿದು ಬೆರಳು ಹೋಗುತ್ತಿತ್ತು. ಸಿಯರಿಗೆ ಗಟ್ಟಿ ಇರುವುದು ಮೇಲಿನ ತೆಳು ಚರ್ಮದಷ್ಟು ಮಾತ್ರ. ಅದನ್ನು ಉಜ್ಜಿ ತೆಗೆದರೆ ಒಳಗಿನದು ಮೆತ್ತನೆ ಕಬ್ಬಿಣ, ನಾಲ್ಕು ದಿನಕ್ಕೆ ಅಂಚು ದುಂಡಗಾಗುತ್ತದೆ. ಹೊಸ ಸಿಯರ್ ಆರುನೂರೈವತ್ತು, ಕೊರಿಯರ್ ತೊಂಬತ್ತೋ ನೂರೋ. ಮನೆಯಾಕೆಗೆ ಇನ್ನೂರು ಅಂದೆ.

ಆಮೇಲೆ ಎರಡು ತಿಂಗಳು ಟ್ರಿಗರನ್ನು ಮುಟ್ಟಲಿಲ್ಲ. ಸುಮ್ನೆ ಕೂರಲಾಗದೆ ಬೇರೆ ಕಡೆ ಕೈ ಹಾಕಿದೆ. ಪಿಸ್ಟನ್ ವಾಷರಿಗೆ ನಮ್ಮ ಚಪ್ಪಲಿ ಹೊಲಿಯುವವರ ಹತ್ತಿರ ಚರ್ಮ ಕತ್ತರಿಸಿಕೊಂಡು, ಹರಳೆಣ್ಣೆಯಲ್ಲಿ ಎರಡು ದಿನ ನೆನೆಸಿ ಹಾಕಿದೆ. ಚೆನ್ನಾಗೇ ಕೂತಿತು. ಅಷ್ಟಕ್ಕೆ ಬಿಡಬೇಕಿತ್ತು. ಹೊಲಿಗೆ ಮೆಷಿನ್ ಎಣ್ಣೆಯನ್ನೂ ನಾಲ್ಕು ಹನಿ ಬಿಟ್ಟೆ. ಒತ್ತಡಕ್ಕೆ ಎಣ್ಣೆ ಹೊತ್ತಿಕೊಂಡು ದೀಪಾವಳಿ ಪಟಾಕಿ ಹಾಗೆ ಸದ್ದು, ನಳಿಗೆಯಿಂದ ನೀಲಿ ಹೊಗೆ. ಪಕ್ಕದ ಮನೆಯ ಅಜ್ಜಿ ಟ್ರಾನ್ಸ್‌ಫಾರ್ಮರ್ ಹೋಯಿತು ಅಂತ ಲೈನ್‌ಮ್ಯಾನಿಗೆ ಫೋನ್ ಮಾಡಿಬಿಟ್ಟಿದ್ದರು. ಪೆಲೆಟ್‌ಗಳನ್ನು ಚಿನ್ನದಂಗಡಿ ತಕ್ಕಡಿಯಲ್ಲಿ ತೂಗಿ ಬೇರೆ ಮಾಡಿಯೂ ನೋಡಿದೆ. ಆ ಟ್ರಿಗರ್ ಇಟ್ಟುಕೊಂಡು ಅದರಿಂದ ನಯಾಪೈಸೆ ಲಾಭವಿಲ್ಲ.

ದಾರಿ ಸಿಕ್ಕಿದ್ದು ಅಂಗಡಿಯಲ್ಲೇ. ಮದ್ದೂರಿನ ಕಡೆಯ ಒಬ್ಬರು ಸುಟ್ಟ ಮೋಟರ್ ತಂದಿದ್ದರು. ಬಿಚ್ಚಿದರೆ ಬೇರಿಂಗ್ ಸವೆದು, ಒಳಗೆ ತಿರುಗುವ ರೋಟರ್ ಸುತ್ತಲಿನ ಸ್ಟೇಟರಿಗೆ ಒಂದೇ ಕಡೆ ಉಜ್ಜಿದೆ. ಇಪ್ಪತ್ತು ವರ್ಷದಿಂದ ಇದನ್ನೇ ನೋಡುತ್ತಿದ್ದೇನೆ, ಆವತ್ತು ಮಾತ್ರ ತಲೆಗೆ ಹೊಳೆಯಿತು. ರಾತ್ರಿ ಸಿಯರ್ ಮುಖಕ್ಕೆ ಮಾರ್ಕರ್ ಪೆನ್ನಿನಲ್ಲಿ ಕಪ್ಪು ಬಳಿದು, ಜೋಡಿಸಿ, ಐದು ಶಾಟ್ ಹೊಡೆದು ಬಿಚ್ಚಿದೆ. ಎಡಗಡೆ ಅಂಚಿನಲ್ಲಿ ಮಾತ್ರ ಕಪ್ಪು ಹೋಗಿತ್ತು. ಉಳಿದ ಮುಕ್ಕಾಲು ಭಾಗ ಹಾಗೇ ಇತ್ತು.

ಸಿಯರ್ ಕೂರುವ ಪಿನ್ನುಗಳು ಸಡಿಲ. ತೂತು ಮೊಟ್ಟೆಯಾಕಾರ ಆಗಿದೆ. ಸಿಯರ್ ವಾಲಿಕೊಂಡು ಒಂದೇ ಅಂಚಿನ ಮೇಲೆ ನಿಲ್ಲುತ್ತಿದೆ. ಇದಕ್ಕೆ ಎಷ್ಟು ಪಾಲಿಶ್ ಹಾಕಿ ಏನು ಬಂತು!

ಹಳೇ ಪಿನ್ನು 3.8 ಮಿ.ಮೀ. ಆಸುಪಾಸು. ಮೈಸೂರಿನ ಬನ್ನಿಮಂಟಪದಲ್ಲಿ ಲೇತ್ ಇಟ್ಟಿರುವ ಗೆಳೆಯನ ಹತ್ತಿರ ಹೋಗಿ, ತೂತುಗಳಿಗೆ 4 ಮಿ.ಮೀ. ರೀಮರ್ (ತೂತನ್ನು ಅಳತೆಗೆ ಸರಿಯಾಗಿ ಹಿಗ್ಗಿಸುವ ಉಪಕರಣ) ಹಾಕಿಸಿದೆ. ಪಿನ್ನು ಹಾಯುವ ಎರಡೂ ಕಡೆಯ ಗೋಡೆಗೆ ಒಂದೇ ಸಲ, ಒಂದೇ ನೇರಕ್ಕೆ. ಕೈ ಡ್ರಿಲ್ಲಿನಲ್ಲಿ ಮಾಡಲು ಹೋದರೆ ಕೆಟ್ಟಿರಿ ಅಂತಲೇ ಲೆಕ್ಕ. ಪಿನ್ನಿನ ಬದಲು ಹಾಕಿದ್ದು ಬೇರಿಂಗಿನೊಳಗಿನ ಸಣ್ಣ ಉಕ್ಕಿನ ಕಡ್ಡಿ, ನೀಡಲ್ ರೋಲರ್. ಗಟ್ಟಿ, ನುಣುಪು, ಅಳತೆ ಕರಾರುವಾಕ್ಕು, ಒಂದಕ್ಕೆ ಎಂಟೋ ಹತ್ತೋ ರೂಪಾಯಿ. ಅಕ್ಕಪಕ್ಕ ಉಳಿದ ಸಂದಿಗೆ ತೆಳು ಹಿತ್ತಾಳೆ ತಗಡಿನ ವಾಷರ್. ಆಮೇಲೆ ಸಿಯರ್ ಮುಖಕ್ಕೆ 1000, 1500, 2000ರ ಎಮರಿ ಪೇಪರ್, ಗಾಜಿನ ಮೇಲೆ ಇಟ್ಟು, ಹೊಳಪಿಗೆ ಮಾತ್ರ. ಕೋನ ಕೂದಲೆಳೆಯಷ್ಟೂ ಬದಲಾಗಬಾರದು. ಅದಕ್ಕೆ ನಾನು ಒಂದು ಮರದ ಹಿಡಿಕೆ ಮಾಡಿಕೊಂಡಿದ್ದೇನೆ. ಅದರ ಅಳತೆ ಮಾತ್ರ ಕೇಳಬೇಡಿ, ಮೂರು ಸಿಯರ್ ಕೆಡಿಸಿ ಕಲಿತದ್ದು. ಕೊನೆಗೆ ಮಾಲಿಬ್ಡಿನಮ್ ಗ್ರೀಸ್. ಅದಕ್ಕೆ ಇನ್ನೊಂದು ಸಾಮಾನು ಬೆರೆಸುತ್ತೇನೆ, ಅದೂ ನನ್ನಲ್ಲೇ ಇರಲಿ. ಕತ್ತರಿಸಿದ್ದ ಚಿಕ್ಕ ಸ್ಪ್ರಿಂಗ್ ತೆಗೆದು ಪೂರ್ತಿ ಉದ್ದದ್ದನ್ನೇ ಹಾಕಿದೆ. ದೊಡ್ಡ ಸ್ಪ್ರಿಂಗ್ ಬಿಚ್ಚಲು ಬಡಗಿಯ ಉದ್ದ ಕ್ಲಾಂಪ್. ಕೈಯಲ್ಲಿ ಹಿಡಿದು ಬಿಚ್ಚಿದವರ ಹಲ್ಲು ಹೋದದ್ದನ್ನು ಕೇಳಿದ್ದೇನೆ.

ಈಗ ಹತ್ತು ಸಲ ಎಳೆದರೆ 1.2ರಿಂದ 1.3ರೊಳಗೆ. ಇನ್ನೂ ಇಳಿಸಬಹುದು, ಇಳಿಸಲ್ಲ. ಕಾಕ್ ಮಾಡಿ, ಪೆಲೆಟ್ ಹಾಕಿ, ಮೂತಿಯನ್ನು ಮರಳಿನ ಪೆಟ್ಟಿಗೆಗೆ ತಿರುಗಿಸಿ, ಹಿಡಿಯ ಸುತ್ತ ರಬ್ಬರ್ ಸುತ್ತಿಗೆಯಲ್ಲಿ ಮೂವತ್ತು ಏಟು ಹೊಡೆದೆ. ಹಾರಲಿಲ್ಲ. ಐದು ಪೆಲೆಟ್ ಈಗ ದೊಡ್ಡ ಅಂಗಿ ಗುಂಡಿಯಷ್ಟು ಜಾಗದಲ್ಲಿ. ಕೈ ನಡುಗದ ದಿನ, ಅಷ್ಟು ಹೇಳಲೇಬೇಕು. ದಂಡ ಹೋದದ್ದೆಲ್ಲ ಸೇರಿ ಖರ್ಚು ಎರಡು ಸಾವಿರದ ಎಂಟುನೂರು ಇರಬಹುದು. ಕೊನೆಗೆ ಕೆಲಸಕ್ಕೆ ಬಂದದ್ದು ಅದರಲ್ಲಿ ಐನೂರು.

ಇದನ್ನು ನೋಡಿ ನಮ್ಮ ಸೋದರಮಾವ ತೋಟದ ಮನೆಯ ತೋಟಾಕೋವಿ ತಂದರು. "ಹಂಗೇ ಇದಕ್ಕೂ ಒಂದ್ ಕೈ ಹಾಕ್ಬಿಡೋ." ಎಲೆಕ್ಷನ್ ಬಂತೆಂದರೆ ಸ್ಟೇಷನ್ನಿಗೆ ಕೊಟ್ಟು ಬರುವ ಲೈಸೆನ್ಸ್ ಕೋವಿ ಅದು. ಅದರ ರಿಪೇರಿ ಲೈಸೆನ್ಸ್ ಇರುವವರ ಕೆಲಸ, ನನ್ನದಲ್ಲ ಮಾವ ಅಂದೆ. ಮುನಿಸಿಕೊಂಡು ಕಾಫಿ ಕುಡಿಯದೇ ಹೋದರು. ನನ್ನದರಲ್ಲಿ ಹಕ್ಕಿ ಹೊಡೆಯುತ್ತೀಯಾ ಅಂತ ಕೇಳುವ ಹುಡುಗರೂ ಇದ್ದಾರೆ. 1972ರಲ್ಲೇ ವನ್ಯಜೀವಿ ಕಾನೂನು ಬಂದಿದೆ, ಕಾಗದ ಹೊಡೆಯುವುದೇ ನನಗೆ ಸಾಕು.

ಮಾರಿಬಿಡಿ ಅಂದಿದ್ದ ನಾಲ್ವರಲ್ಲಿ ಒಬ್ಬರು ಮೊನ್ನೆ ಆಯುಧಪೂಜೆಯ ಮಾರನೇ ದಿನ, ಕುಂಕುಮ ಇನ್ನೂ ಅಳಿಸದ ತಮ್ಮ ಏರ್ ರೈಫಲ್ ತಂದು ಬೆಂಚಿನ ಮೇಲೆ ಇಟ್ಟರು. ಏನೂ ಮಾತಾಡಲಿಲ್ಲ. ನಾನೂ ಮಾತಾಡದೆ ಮಾರ್ಕರ್ ಬಳಿದು ಐದು ಶಾಟ್ ಹೊಡೆದೆ. ಅವರದ್ದು ಬಲಗಡೆ ಉಜ್ಜುತ್ತಿದೆ.